ಹಸಿ ಇಂಜಿನ್ನಿಗೆ ಯಾವ ಆಯಿಲ್, ಎಷ್ಟು ಭಾರ?

(ದೇವರಾಜ ಮೊಹಲ್ಲಾದಲ್ಲಿ ಸಂಘದ ಸದಸ್ಯರು ಮತ್ತು ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಉಪನ್ಯಾಸದ ಬರಹ ರೂಪ)



ಈ ಸಭೆಗೆ ನನ್ನನ್ನು ಕರೆದಾಗ ವಿದ್ಯಾಭ್ಯಾಸದ ಮಹತ್ವ ಕುರಿತು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಹೇಳಿದ್ದರು. ಆ ವಿಷಯವನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ವೇದಿಕೆಯ ಮೇಲೇ ಇದ್ದಾರೆ. ನನಗೆ ಗೊತ್ತಿರುವುದು ಡೀಸೆಲ್ ಇಂಜಿನ್. ಅದನ್ನೇ ಮಾತನಾಡುತ್ತೇನೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿಕೊಂಡರು. ಅವರಿಗೆ ವಂದನೆಗಳು.

ಇಲ್ಲಿ ಕುಳಿತಿರುವ ಮಕ್ಕಳಲ್ಲಿ ಎಷ್ಟೋ ಜನರ ಮನೆಯ ಗೋಡೆಯಲ್ಲಿ ಲಾರಿಯ ಕೀಲಿಯೊಂದು ತೂಗುತ್ತಿರುತ್ತದೆ. ತಂದೆ ಮಾಲೀಕರೋ, ಡ್ರೈವರೋ, ಗ್ಯಾರೇಜಿನವರೋ ಆಗಿರುತ್ತಾರೆ. ಈ ಸಭಾಂಗಣದಿಂದ ಸ್ವಲ್ಪ ದೂರ ನಡೆದರೆ ದೇವರಾಜ ಮಾರುಕಟ್ಟೆ. ಅಲ್ಲಿನ ತರಕಾರಿ, ಬಾಳೆಹಣ್ಣು, ಹೂವು ಎಲ್ಲವೂ ಡೀಸೆಲ್ ಗಾಡಿಯ ಬೆನ್ನೇರಿಯೇ ಊರೊಳಗೆ ಬರುತ್ತವೆ. ಅಂಥ ಗಾಡಿಯೊಂದರ ಇಂಜಿನ್ ಕೆಲಸಕ್ಕೆ ಬಂತೆಂದರೆ ಆ ಮನೆಯಲ್ಲಿ ಒಂದು ವರ್ಷದ ಲೆಕ್ಕವೆಲ್ಲ ಏರುಪೇರಾಗುತ್ತದೆ. ಸಾಲ ಮಾಡಿ ಕೆಲಸ ಮಾಡಿಸುತ್ತೇವೆ. ಅಷ್ಟು ಹಣ ಹಾಕಿದ ಇಂಜಿನ್ ಐದಾರು ವರ್ಷ ಬಾಳುತ್ತದೋ, ಆರು ತಿಂಗಳಿಗೇ ಹೊಗೆ ಕಾರುತ್ತದೋ ಎಂಬುದು ಬಹುಮಟ್ಟಿಗೆ ಮೊದಲ ಕೆಲವು ಗಂಟೆಗಳ ಓಟದಲ್ಲಿ ನಿರ್ಧಾರವಾಗಿಬಿಡುತ್ತದೆ. ಆ ಕೆಲವು ಗಂಟೆಗಳ ಬಗ್ಗೆಯೇ ಇವತ್ತಿನ ಮಾತು.

ಮೊದಲು ಇಂಜಿನ್ನಿನ ಒಳಗೆ ಏನಾಗುತ್ತದೆ ಎಂದು ತಿಳಿಯೋಣ. ನಿಮ್ಮ ಅಜ್ಜಿಯರನ್ನು ಕೇಳಿ ನೋಡಿ. ಒರಳುಕಲ್ಲು ಸವೆದು ನುಣುಪಾದರೆ ಅಕ್ಕಿ ಅರೆಯುವುದಿಲ್ಲ, ಜಾರುತ್ತದೆ. ಆಗ ಉಳಿ ಹಿಡಿದು ಬೀದಿಯಲ್ಲಿ ಬರುತ್ತಿದ್ದವರನ್ನು ಕರೆದು ಕಲ್ಲಿಗೆ ಮುಳ್ಳು ಹಾಕಿಸುತ್ತಿದ್ದರು. ಇಂಜಿನ್ನಿನ ಸಿಲಿಂಡರಿಗೆ ಹೋನಿಂಗ್ ಮಾಡುವುದೂ ಅದೇ ಕೆಲಸ. ಹೊಸ ಲೈನರಿನ ಅಥವಾ ಬೋರ್ ಮಾಡಿಸಿದ ಬ್ಲಾಕಿನ ಒಳಗೋಡೆಯ ಮೇಲೆ ಒಂದನ್ನೊಂದು ಕತ್ತರಿಸುವ ಓರೆ ಗೆರೆಗಳನ್ನು ಕೊರೆಯುತ್ತಾರೆ. ಬೆಳಕಿಗೆ ಹಿಡಿದರೆ ಚಾಪೆಯ ಹೆಣಿಗೆಯಂತೆ ಕಾಣುತ್ತದೆ. ಅದರ ಆಳ ನಮ್ಮ ತಲೆಗೂದಲಿನ ದಪ್ಪಕ್ಕೆ ಹೋಲಿಸಿದರೆ ಏನೇನೂ ಅಲ್ಲ. ಆದರೆ ಆ ಗೆರೆಗಳಿಂದ ಎರಡು ಕೆಲಸ ಆಗಬೇಕು. ತಗ್ಗಿನಲ್ಲಿ ಆಯಿಲ್ ನಿಲ್ಲಬೇಕು, ಉಬ್ಬಿನ ತುದಿಗಳು ಹೊಸ ಪಿಸ್ಟನ್ ರಿಂಗನ್ನು ಸಣ್ಣ ಅರದಂತೆ ಉಜ್ಜಿ, ತಾವೂ ಸವೆದು, ಎರಡೂ ಒಂದಕ್ಕೊಂದು ಹೊಂದಿಕೊಳ್ಳಬೇಕು. ರಿಂಗ್ ಕೂರುವುದು ಎಂದು ಗ್ಯಾರೇಜಿನಲ್ಲಿ ಹೇಳುತ್ತಾರಲ್ಲ, ಅದು ಇದೇ.

ಈ ಉಜ್ಜಾಟಕ್ಕೆ ಒತ್ತಡ ಬೇಕು. ಅದು ಎಲ್ಲಿಂದ ಬರುತ್ತದೆ? ರಿಂಗಿಗೆ ಸ್ವಂತದ ಸ್ಪ್ರಿಂಗ್ ಬಲ ಇದೆ, ನಿಜ. ಆದರೆ ಅದು ತೀರಾ ಕಡಿಮೆ. ಡೀಸೆಲ್ ಉರಿದಾಗ ಸಿಲಿಂಡರಿನಲ್ಲಿ ಏಳುವ ಅನಿಲದ ಒತ್ತಡ ವಾತಾವರಣದ ಒತ್ತಡಕ್ಕಿಂತ ಹತ್ತಾರು ಪಟ್ಟು ಹೆಚ್ಚು, ಟರ್ಬೊ ಇಂಜಿನ್ನುಗಳಲ್ಲಿ ನೂರು ಪಟ್ಟನ್ನೂ ಮೀರುತ್ತದೆ. ಆ ಅನಿಲ ರಿಂಗಿನ ಹಿಂದಿನ ಸಂದಿಗೆ ನುಗ್ಗಿ ಅದನ್ನು ಹೊರಕ್ಕೆ, ಗೋಡೆಯ ಕಡೆಗೆ ಅದುಮುತ್ತದೆ. ಇಂಜಿನ್ ಭಾರ ಎಳೆಯುತ್ತಿದ್ದರೆ ಹೆಚ್ಚು ಡೀಸೆಲ್ ಉರಿಯುತ್ತದೆ, ಒತ್ತಡ ಏರುತ್ತದೆ, ರಿಂಗ್ ಗೋಡೆಯನ್ನು ಗಟ್ಟಿಯಾಗಿ ಒತ್ತುತ್ತದೆ. ಸುಮ್ಮನೆ ನಿಂತಲ್ಲೇ ಓಡುತ್ತಿದ್ದರೆ ಈ ಅದುಮುವಿಕೆ ಬಹಳ ಕಡಿಮೆ. ಬಿಸಿ ಅನಿಲ ರಿಂಗಿನ ಪಕ್ಕದಿಂದ ಕೆಳಗೆ ಸೋರುತ್ತದೆ, ಗೋಡೆಯ ಮೇಲಿನ ಆಯಿಲನ್ನು ಅರೆಬರೆ ಸುಡುತ್ತದೆ. ಸುಟ್ಟ ಆಯಿಲ್ ವಾರ್ನಿಷಿನಂತೆ ಗೆರೆಗಳ ತಗ್ಗನ್ನು ತುಂಬಿಬಿಡುತ್ತದೆ. ಗೋಡೆ ಗಾಜಿನಂತೆ ಹೊಳೆಯತೊಡಗುತ್ತದೆ. ಇದಕ್ಕೆ ಗ್ಲೇಜಿಂಗ್ ಎಂದು ಹೆಸರು. ಒಮ್ಮೆ ಹೀಗಾದರೆ ಆಮೇಲೆ ನೀವು ಎಷ್ಟೇ ಭಾರ ಹೇರಿ ಓಡಿಸಿದರೂ ರಿಂಗ್ ಕೂರುವುದು ಕಷ್ಟ. ಹೆಡ್ಡು ಬಿಚ್ಚಿ, ಪಿಸ್ಟನ್ ಹೊರತೆಗೆದು, ಮತ್ತೆ ಹೋನಿಂಗ್ ಮಾಡಿಸಿ ಹೊಸ ರಿಂಗ್ ಹಾಕಬೇಕು.

ಇದನ್ನು ನಾನು ಪುಸ್ತಕದಿಂದಷ್ಟೇ ಕಲಿಯಲಿಲ್ಲ. 1997ರಲ್ಲಿ ನಮ್ಮ ಮನೆಯ ಲಾರಿಗೆ ಇಂಜಿನ್ ಕೆಲಸವಾಯಿತು. ಟಾಟಾದ 697 ಇಂಜಿನ್. ಆ ಸಂಖ್ಯೆಯಲ್ಲೇ ಅರ್ಥವಿದೆ, ಮಕ್ಕಳೇ ಗಮನಿಸಿ: ಆರು ಸಿಲಿಂಡರು, ಒಂದೊಂದರ ಒಳವ್ಯಾಸ 97 ಮಿ.ಮೀ. ಪಿಸ್ಟನ್ನಿನ ಓಟ 128 ಮಿ.ಮೀ. ಎಂದು ಹಿಡಿದು ಲೆಕ್ಕ ಹಾಕಿದರೆ 5,675 ಸಿ.ಸಿ. ಬರುತ್ತದೆ, ಮನೆಗೆ ಹೋಗಿ ಹಾಕಿ ನೋಡಿ. 407 ಗಾಡಿಯ 497 ಇಂಜಿನ್ನಿಗೂ ಇದೇ ಸೂತ್ರ, ನಾಲ್ಕು ಸಿಲಿಂಡರು, ಅದೇ 97. ಇರಲಿ. ಕೆಲಸ ಚೆನ್ನಾಗಿಯೇ ಆಗಿತ್ತು. ನಮ್ಮ ತಂದೆಗೆ ಆ ಇಂಜಿನ್ನಿನ ಮೇಲೆ ವಿಪರೀತ ಅಕ್ಕರೆ. ಹಸಿ ಇಂಜಿನ್ನು, ಹಸಿ ಬಾಣಂತಿಯ ಹಾಗೆ ನೋಡಿಕೊಳ್ಳಬೇಕು ಎಂದರು. ಎರಡು ದಿನ ಗ್ಯಾರೇಜಿನ ಮುಂದೆ ನಿಂತಲ್ಲೇ ಓಡಿಸಿದರು. ಮೂರನೆಯ ದಿನ ಖಾಲಿ ಲಾರಿಯನ್ನು ಗಂಟೆಗೆ ಮೂವತ್ತು ಕಿ.ಮೀ. ವೇಗದಲ್ಲಿ ನಂಜನಗೂಡಿಗೆ ಹೋಗಿ ತಂದರು. ಹದಿನೈದು ದಿನ ಹೀಗೇ ನಡೆಯಿತು.

ಆಗ ನಾನು ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಮುಗಿಸಿ ಬಂದಿದ್ದೆ. ಹೊಸ ಇಂಜಿನ್ನನ್ನು ಖಾಲಿ ಓಡಿಸಬಾರದು ಎಂದು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಮೂವತ್ತು ವರ್ಷ ಲಾರಿ ಓಡಿಸಿದವರ ಮುಂದೆ ಬಾಯಿ ತೆರೆಯಲು ಧೈರ್ಯ ಬರಲಿಲ್ಲ. ಮೂರು ತಿಂಗಳಾಗುವ ಹೊತ್ತಿಗೆ ಲಾರಿ ನೀಲಿ ಹೊಗೆ ಬಿಡುತ್ತಿತ್ತು, ಕೇರಳಕ್ಕೆ ಹೋಗಿ ಬರುವಷ್ಟರಲ್ಲಿ ಎರಡು ಲೀಟರ್ ಆಯಿಲ್ ಕುಡಿಯುತ್ತಿತ್ತು. ಬಿಚ್ಚಿ ನೋಡಿದರೆ ಆರೂ ಲೈನರುಗಳು ಕನ್ನಡಿಯಂತಿದ್ದವು. ಎರಡನೆಯ ಸಲದ ಕೆಲಸಕ್ಕೆ ಹೋದ ಹಣ ನನ್ನ ತಮ್ಮನ ಇಂಜಿನಿಯರಿಂಗ್ ಸೀಟಿಗೆಂದು ತೆಗೆದಿಟ್ಟದ್ದು. ಅವನು ಆ ವರ್ಷ ಕಾಲೇಜು ಸೇರಲಿಲ್ಲ, ಮುಂದಿನ ವರ್ಷವೂ ಸೇರಲಿಲ್ಲ. ತಂದೆ ಈಗ ಇಲ್ಲ. ತಪ್ಪು ಅವರದಷ್ಟೇ ಎಂದು ನಾನು ಯಾವತ್ತೂ ಹೇಳಿಲ್ಲ. ಗೊತ್ತಿದ್ದೂ ಸುಮ್ಮನಿದ್ದವನು ನಾನು.

ತಂದೆಯವರ ನಂಬಿಕೆ ಎಲ್ಲಿಂದ ಬಂತು ಎಂದು ಆಮೇಲೆ ಯೋಚಿಸಿದ್ದೇನೆ. ಅದು ಬುಡವಿಲ್ಲದ ನಂಬಿಕೆಯಲ್ಲ. ಹಿಂದೆ ಬಿಡಿಭಾಗಗಳ ಮೇಲ್ಮೈ ಇಷ್ಟು ನಯವಾಗಿರುತ್ತಿರಲಿಲ್ಲ, ಆಯಿಲ್ ಕೂಡ ಸಾಧಾರಣದ್ದು. ಬಿರುಸಾಗಿ ಓಡಿಸಿದರೆ ಪಿಸ್ಟನ್ ಬಿಸಿಯಾಗಿ ಹಿಡಿದುಕೊಳ್ಳುತ್ತಿತ್ತು. ಹೊಸ ವಾಹನದ ಹಿಂದೆ 'ರನ್ನಿಂಗ್ ಇನ್' ಎಂದು ಬರೆದುಕೊಂಡು ಓಡಾಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ನಮ್ಮ ಮೈಸೂರಿನಲ್ಲಂತೂ 1961ರಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ನಡೆಯಿತು. ಹೊಸ ಜಾವಾ ತಂದವರು ಅದನ್ನು ಹೇಗೆ ಮೆಲ್ಲಗೆ ಓಡಿಸುತ್ತಿದ್ದರು ಎಂಬುದನ್ನು ನೋಡಿಯೇ ನಾವು ಬೆಳೆದದ್ದು. ಪೆಟ್ರೋಲಿನ ಎರಡು ಸ್ಟ್ರೋಕಿನ ಬೈಕಿಗೆ ಹೇಳಿದ ಮಾತನ್ನು ಆರು ಸಿಲಿಂಡರಿನ ಡೀಸೆಲ್ ಲಾರಿಗೂ ಅನ್ವಯಿಸಿದ್ದು ನಮ್ಮ ತಪ್ಪು. ಇದಕ್ಕೆ ವಿರುದ್ಧವಾದ ಅತಿರೇಕವೂ ಉಂಟು. ಅಮೆರಿಕದಲ್ಲಿ ಒಂದು ಕಾಲದಲ್ಲಿ ಕೆಲವು ಮೆಕ್ಯಾನಿಕ್‌ಗಳು ರಿಂಗ್ ಬೇಗ ಕೂರಲಿ ಎಂದು ಪಾತ್ರೆ ತಿಕ್ಕುವ ಪುಡಿಯನ್ನು ಇಂಜಿನ್ನಿನ ಗಾಳಿಯ ಬಾಯಿಗೆ ಸುರಿಯುತ್ತಿದ್ದರು! ದಯವಿಟ್ಟು ಯಾರೂ ಪ್ರಯೋಗ ಮಾಡಬೇಡಿ.

ಈಗ ಆಯಿಲ್ ವಿಚಾರ. ಅಂಗಡಿಗೆ ಹೋದರೆ ಸರ್ವೊ, ಮ್ಯಾಕ್, ಎಚ್‌ಪಿ, ಕ್ಯಾಸ್ಟ್ರಾಲ್, ಶೆಲ್, ಗಲ್ಫ್ ಎಂದು ಸಾಲಾಗಿ ಡಬ್ಬಗಳು. ಯಾವ ಕಂಪೆನಿ ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ. ನನ್ನ ಉತ್ತರ ಒಂದೇ, ಮುಂಭಾಗದ ಚಿತ್ರ ನೋಡಬೇಡಿ, ಹಿಂಭಾಗದ ಸಣ್ಣ ಅಕ್ಷರ ಓದಿ. ಅಲ್ಲಿ ಎರಡು ಸಂಗತಿ ಇರುತ್ತವೆ.

ಒಂದು, 15ಡಬ್ಲ್ಯೂ-40 ಎಂಬಂಥ ಬರಹ. ಇದು ಆಯಿಲ್ ಎಷ್ಟು ಮಂದ ಎಂಬುದರ ಅಳತೆ. ಡಬ್ಲ್ಯೂ ಎಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಕಡಿಮೆಯಾದಷ್ಟೂ ಕೊರೆಯುವ ಚಳಿಯಲ್ಲಿ ಆಯಿಲ್ ಸಲೀಸಾಗಿ ಹರಿಯುತ್ತದೆ. 15ಡಬ್ಲ್ಯೂ ಆಯಿಲನ್ನು ಸ್ಟಾರ್ಟ್ ಮಾಡುವ ಪರೀಕ್ಷೆಗೆ ಒಡ್ಡುವುದು ಸೊನ್ನೆಗಿಂತ 20 ಡಿಗ್ರಿ ಕೆಳಗೆ. ನಮ್ಮ ಮೈಸೂರಿನ ಚಳಿಗೆ ಒಂದು ಸ್ವೆಟರ್ ಸಾಕು, ಆದ್ದರಿಂದ 5ಡಬ್ಲ್ಯೂ ಎಂದು ಹೆಚ್ಚು ಹಣ ಕೊಡುವ ಅಗತ್ಯ ಹಳೆಯ ಲಾರಿಗೆ ಇಲ್ಲ. ಕೊನೆಯ 40 ಎಂಬುದು ಇಂಜಿನ್ ಕಾದು 100 ಡಿಗ್ರಿ ಇರುವಾಗಿನ ಮಂದತೆಯ ದರ್ಜೆ. ಬಹುಪಾಲು ಲಾರಿ ಇಂಜಿನ್ನುಗಳಿಗೆ ಇದು ಸರಿಯಾದದ್ದು. ಹಳೆಯ ಇಂಜಿನ್ ಸವೆದಿದೆ ಎಂದು ಮಂದ ಆಯಿಲ್ ಹಾಕುವ ರೂಢಿ ಇದೆ. ಸವೆದದ್ದಕ್ಕೆ ಅದು ತಾತ್ಕಾಲಿಕ ಉಪಾಯವಾದೀತು. ಈಗಷ್ಟೇ ಬೇರಿಂಗ್, ಲೈನರ್ ಎಲ್ಲ ಹೊಸದು ಹಾಕಿಸಿದ ಇಂಜಿನ್ನಿಗೆ ಆ ಉಪಾಯ ಬೇಡ.

ಎರಡನೆಯದು ಹೆಚ್ಚು ಮುಖ್ಯ. ಎಪಿಐ ಎಂಬ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ದರ್ಜೆ. ಎಸ್ ಅಕ್ಷರದಿಂದ ಶುರುವಾದರೆ ಪೆಟ್ರೋಲ್ ಗಾಡಿಗೆ, ಸಿ ಅಕ್ಷರದಿಂದ ಶುರುವಾದರೆ ಡೀಸೆಲ್‌ಗೆ. ಸಿಎಚ್-4 ಬಂದದ್ದು 1998ರಲ್ಲಿ, ಸಿಐ-4 2002ರಲ್ಲಿ, ಸಿಜೆ-4 2006ರಲ್ಲಿ, ಸಿಕೆ-4 2016ರ ಕೊನೆಗೆ. ಅಕ್ಷರ ಮುಂದೆ ಹೋದಂತೆ ಹೊಗೆಮಸಿಯನ್ನು ತಡೆದುಕೊಳ್ಳುವ ಶಕ್ತಿ ಹೆಚ್ಚುತ್ತ ಬಂದಿದೆ. ಕೆಲಸ ಮಾಡಿಸಿದ ಹಳೆಯ ಲಾರಿಗೆ ಸಿಎಚ್-4 ಅಥವಾ ಸಿಐ-4 ದರ್ಜೆಯ 15ಡಬ್ಲ್ಯೂ-40 ಸಾಧಾರಣ ಮಿನರಲ್ ಆಯಿಲ್ ಧಾರಾಳವಾಗಿ ಸಾಕು. ಎಫ್ಎ-4 ಎಂದು ಬರೆದಿದ್ದರೆ ಮಾತ್ರ ಮುಟ್ಟಬೇಡಿ, ಅದು ತೆಳು ಆಯಿಲಿಗೆಂದೇ ರೂಪಿಸಿದ ಹೊಸ ಇಂಜಿನ್ನುಗಳಿಗೆ. ಹಾಗೆಯೇ 2020ರ ಈಚೆಗಿನ ಬಿಎಸ್-6 ಲಾರಿಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದಕ್ಕೆ ಬೂದಿ ಕಡಿಮೆ ಬಿಡುವ ಆಯಿಲೇ ಆಗಬೇಕು. ಅಂಥ ಗಾಡಿಯವರು ನನ್ನ ಮಾತು ಬಿಟ್ಟು ಕಂಪೆನಿಯ ಪುಸ್ತಕ ಹೇಳಿದಂತೆ ಮಾಡಿ.

ಸಿಂಥೆಟಿಕ್ ಆಯಿಲ್ ಹಾಕಿದರೆ ರಿಂಗ್ ಕೂರುವುದೇ ಇಲ್ಲ ಎಂದು ಕೆಲವರು ಹೆದರಿಸುತ್ತಾರೆ. ಅದು ಪೂರ್ತಿ ನಿಜವಲ್ಲ. ಸಿಂಥೆಟಿಕ್ ತುಂಬಿಯೇ ಕಾರ್ಖಾನೆಯಿಂದ ಹೊರಬರುವ ಹೊಸ ವಾಹನಗಳಿವೆ. ನನ್ನ ಆಕ್ಷೇಪ ಬೇರೆ. ಈ ಮೊದಲ ಆಯಿಲನ್ನು ಕೆಲವೇ ನೂರು ಕಿ.ಮೀ.ಗೆ ಚೆಲ್ಲಬೇಕಾಗುತ್ತದೆ. ಹತ್ತು ಲೀಟರಿಗೂ ಹೆಚ್ಚು ಹಿಡಿಸುವ ಇಂಜಿನ್ನಿಗೆ ದುಬಾರಿ ಆಯಿಲ್ ತುಂಬಿ ವಾರದೊಳಗೆ ಚೆಲ್ಲುವುದು ಯಾವ ಜಾಣತನ? ಬಾಟಲಿಯಲ್ಲಿ ಮಾರುವ 'ಇಂಜಿನ್ ಟಾನಿಕ್' ಇತ್ಯಾದಿಗಳೂ ಬೇಡ. ಘರ್ಷಣೆ ತಗ್ಗಿಸುತ್ತೇವೆ ಎನ್ನುತ್ತಾರೆ. ಹಸಿ ಇಂಜಿನ್ನಿಗೆ ಬೇಕಾದದ್ದೇ ಹಿತಮಿತವಾದ ಘರ್ಷಣೆ. ಇನ್ನು ಪೀಪಾಯಿಯಿಂದ ಅಳೆದು ಕೊಡುವ ಲೂಸ್ ಆಯಿಲ್. ಅದರಲ್ಲಿ ಏನಿದೆಯೋ ಕೊಡುವವನಿಗೂ ಗೊತ್ತಿರುವುದಿಲ್ಲ. ಸೀಲ್ ಇರುವ ಡಬ್ಬ ಕೊಳ್ಳಿ, ಬಿಲ್ ಕೇಳಿ, ಖಾಲಿ ಡಬ್ಬವನ್ನು ತೂತು ಮಾಡಿಯೇ ಗುಜರಿಗೆ ಹಾಕಿ, ಇಲ್ಲವಾದರೆ ಅದೇ ಡಬ್ಬ ನಕಲಿ ಆಯಿಲ್ ತುಂಬಿಕೊಂಡು ಮತ್ತೆ ಬಂದೀತು.

ಹಿರಿಯ ಡ್ರೈವರುಗಳು ಇನ್ನೊಂದು ಮಾತು ಹೇಳುತ್ತಾರೆ, ಡೀಸೆಲ್‌ನ ಗಂಧಕ ಆಯಿಲನ್ನು ಹುಳಿಮಾಡುತ್ತದೆ ಎಂದು. ಅದು ಸತ್ಯವಾಗಿತ್ತು. ಗಂಧಕ ಉರಿದು ನೀರಿನ ಅಂಶದೊಂದಿಗೆ ಸೇರಿದರೆ ಆಮ್ಲವಾಗುತ್ತದೆ, ಅದನ್ನು ತಣಿಸಲು ಆಯಿಲಿನಲ್ಲಿ ಕ್ಷಾರ ಸೇರಿಸಿರುತ್ತಾರೆ. ಬಿಎಸ್-2 ಡೀಸೆಲ್‌ನಲ್ಲಿ ಹತ್ತು ಲಕ್ಷ ಪಾಲಿಗೆ 500 ಪಾಲಿನವರೆಗೆ ಗಂಧಕ ಇರಬಹುದಿತ್ತು, ಬಿಎಸ್-3ರಲ್ಲಿ 350, 2017ರಿಂದ ದೇಶವೆಲ್ಲ ಬಂದ ಬಿಎಸ್-4ರಲ್ಲಿ 50, 2020ರ ಏಪ್ರಿಲ್‌ನಿಂದ 10. ಹಾಗಾಗಿ ಆ ಭಯ ಈಗ ಬಹಳ ಕಡಿಮೆಯಾಗಿದೆ.

ಇಂಜಿನ್ ಸ್ಟಾರ್ಟ್ ಮಾಡುವ ಮುಂಚಿನ ಒಂದು ಕೆಲಸವನ್ನು ಹೇಳದೆ ಮುಂದೆ ಹೋಗಲಾರೆ. ಹೋನಿಂಗ್ ಆದ ಸಿಲಿಂಡರನ್ನು ಡೀಸೆಲ್‌ನಲ್ಲಿ ಒರೆಸಿಬಿಡುತ್ತಾರೆ. ಡೀಸೆಲ್ ಆ ಕಲ್ಲಿನ ಪುಡಿಯನ್ನು ಗೆರೆಯೊಳಗೆ ಇನ್ನಷ್ಟು ಕೂರಿಸುತ್ತದೆಯೇ ಹೊರತು ತೆಗೆಯುವುದಿಲ್ಲ. ಬಿಸಿನೀರು, ಬಟ್ಟೆ ಸೋಪಿನ ಪುಡಿ, ಗಟ್ಟಿ ಬ್ರಷ್ಷು, ಇವಿಷ್ಟೇ ಬೇಕು. ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಹೊರಬರಬೇಕು. ಬೂದು ಬಣ್ಣ ಹತ್ತಿದರೆ ಮತ್ತೆ ತೊಳೆಯಿರಿ. ಆಮೇಲೆ ತಡಮಾಡದೆ ಆಯಿಲ್ ಸವರಿ, ಇಲ್ಲದಿದ್ದರೆ ಗಂಟೆಯೊಳಗೆ ತುಕ್ಕು ಶುರು. ಜೋಡಿಸಿದ ಮೇಲೆ ಆಯಿಲ್ ಫಿಲ್ಟರಿಗೆ ಆಯಿಲ್ ತುಂಬಿ, ಟರ್ಬೊ ಇದ್ದರೆ ಅದರ ಆಯಿಲ್ ಕೊಳವೆಗೂ ಸ್ವಲ್ಪ ಹಾಕಿ, ಡೀಸೆಲ್ ನಿಲ್ಲಿಸಿ, ಆಯಿಲ್ ಒತ್ತಡ ಮುಳ್ಳಿನಲ್ಲಿ ಕಾಣುವವರೆಗೆ ನಡುನಡುವೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಒಣ ಬೇರಿಂಗಿನ ಮೇಲೆ ಇಂಜಿನ್ ಒಂದು ನಿಮಿಷವೂ ಓಡಬಾರದು.

ಸ್ಟಾರ್ಟ್ ಆದ ಮೇಲೆ ನಿಮಿಷಕ್ಕೆ ಸಾವಿರ, ಸಾವಿರದ ಇನ್ನೂರು ಸುತ್ತಿಗೆ ಏರಿಸಿ ಹಿಡಿಯಿರಿ. ಸೋರಿಕೆ ನೋಡಿ, ಒತ್ತಡ ನೋಡಿ, ಸದ್ದು ಕೇಳಿ. ನೀರು ಬೆಚ್ಚಗಾದೊಡನೆ ರಸ್ತೆಗೆ ಇಳಿಸಿ. ಹೆಡ್ಡಿನ ಬೋಲ್ಟ್ ಮತ್ತೆ ಬಿಗಿಯಬೇಕೆಂದು ಪುಸ್ತಕದಲ್ಲಿದ್ದರೆ ಅದನ್ನು ಅಂದೇ ಸಂಜೆ ಮಾಡಿ.

ದೊಡ್ಡ ಕಾರ್ಖಾನೆಗಳಲ್ಲಿ ಹೊಸ ಇಂಜಿನ್ನನ್ನು ಡೈನಮೋಮೀಟರ್ ಎಂಬ ಯಂತ್ರಕ್ಕೆ ಕಟ್ಟಿ, ಹಂತ ಹಂತವಾಗಿ ಭಾರ ಹೇರಿ ಪರೀಕ್ಷಿಸುತ್ತಾರೆ. ನಮ್ಮ ಗ್ಯಾರೇಜಿನಲ್ಲಿ ಅದೆಲ್ಲಿ ಬರಬೇಕು? ನಮಗೆ ರಸ್ತೆಯೇ ಡೈನಮೋಮೀಟರ್. ನಾನು ಬಂಡೀಪಾಳ್ಯದ ಎಪಿಎಂಸಿ ಯಾರ್ಡಿನಲ್ಲಿ ಅರ್ಧ ಲೋಡು ಹಾಕಿಸಿಕೊಂಡು ಗುಂಡ್ಲುಪೇಟೆ ರಸ್ತೆ ಹಿಡಿಯುತ್ತೇನೆ. ಮೈಸೂರಿನಿಂದ ಸುಮಾರು 60 ಕಿ.ಮೀ., ಸಣ್ಣಪುಟ್ಟ ಏರಿಳಿತ, ಕಡಿದಾದ ಘಾಟಿ ಇಲ್ಲ. ಗೇರಿನಲ್ಲಿ ಅರ್ಧದಿಂದ ಮುಕ್ಕಾಲು ಪಾಲು ಆಕ್ಸಿಲರೇಟರ್ ಒತ್ತಿ ವೇಗ ಏರಿಸುವುದು, ಕಾಲು ತೆಗೆದು ತಾನಾಗಿ ಇಳಿಯಲು ಬಿಡುವುದು, ಮತ್ತೆ ಏರಿಸುವುದು. ಏರಿಸುವಾಗ ರಿಂಗಿನ ಮೇಲೆ ಒತ್ತಡ, ಇಳಿಸುವಾಗ ತಣಿಯಲು ಬಿಡುವು. ಬೆಂಗಳೂರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸುವುದು ಈ ಹಂತದಲ್ಲಿ ಒಳ್ಳೆಯದಲ್ಲ. ದೊಡ್ಡ ಗೇರಿನಲ್ಲಿ ಇಂಜಿನ್ ಗುದ್ದಾಡುವಂತೆ ಎಳೆಸುವುದೂ ಬೇಡ. ಮೊದಲ ಟ್ರಿಪ್ಪಿಗೇ ಪೂರ್ತಿ ಲೋಡು ಹಾಕಿ ಸತ್ಯಮಂಗಲದ ದಾರಿಯಲ್ಲಿ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿಸಿದವರನ್ನು ನೋಡಿದ್ದೇನೆ, ಆ ಸಾಹಸವೂ ಬೇಡ. ಗುಂಡ್ಲುಪೇಟೆಯ ಆಚೆ ಹೋಗುವವರಿಗೆ ಒಂದು ಎಚ್ಚರಿಕೆ. ಬಂಡೀಪುರ ಕಾಡಿನ ರಸ್ತೆ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮುಚ್ಚಿರುತ್ತದೆ. ಗೇಟಿನ ಮುಂದಿನ ಸಾಲಿನಲ್ಲಿ ನಿಂತು ಹಸಿ ಇಂಜಿನ್ನನ್ನು ಸುಮ್ಮನೆ ಓಡಿಸುತ್ತ ಕೂರಬೇಡಿ. ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾದರೆ ಆಫ್ ಮಾಡಿ. ಬಿರುಸಾಗಿ ಎಳೆದು ಬಂದಿದ್ದರೆ, ವಿಶೇಷವಾಗಿ ಟರ್ಬೊ ಇದ್ದರೆ, ಎರಡು ಮೂರು ನಿಮಿಷ ತಣಿಯಲು ಬಿಟ್ಟು ಆಮೇಲೆ.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ನಿಮ್ಮ ಮನೆಯ ಗಾಡಿಗೆ ಇಂಜಿನ್ ಕೆಲಸವಾದರೆ ಒಂದು ನೂರು ಪುಟದ ನೋಟ್‌ಬುಕ್ ಇಡಿ. ಪ್ರತಿದಿನ ಓಡಿದ ಕಿ.ಮೀ., ಹಾಕಿದ ಡೀಸೆಲ್, ಹಾಕಿದ ಆಯಿಲ್, ಅಳತೆ ಕಡ್ಡಿಯ ಮಟ್ಟ ಬರೆಯಿರಿ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತು ಹತ್ತು ನಿಮಿಷವಾದ ಮೇಲೆಯೇ ಕಡ್ಡಿ ನೋಡಬೇಕು. ಮೊದಲ ಸಾವಿರ ಕಿ.ಮೀ.ನಲ್ಲಿ ಆಯಿಲ್ ಸ್ವಲ್ಪ ಇಳಿಯುವುದು ಸಹಜ. ಆಮೇಲೆ ಇಳಿಕೆ ಕಡಿಮೆಯಾಗುತ್ತ ಹೋಗಬೇಕು. ಎರಡು ಮೂರು ಸಾವಿರ ಕಿ.ಮೀ. ಆದ ಮೇಲೂ ನೂರು ಲೀಟರ್ ಡೀಸೆಲ್‌ಗೆ ಅರ್ಧ ಲೀಟರ್ ಮೀರಿ ಆಯಿಲ್ ಕುಡಿಯುತ್ತಿದ್ದರೆ ನಾನು ಅನುಮಾನ ಪಡುತ್ತೇನೆ. ಬ್ರೀದರ್ ಕೊಳವೆಯಿಂದ ಹೊಗೆ ರಭಸವಾಗಿ ಬರುತ್ತಿದ್ದರಂತೂ ರಿಂಗ್ ಕೂತಿಲ್ಲವೆಂದೇ ಅರ್ಥ. ಈ ಲೆಕ್ಕ ಕೈಯಲ್ಲಿದ್ದರೆ ಗ್ಯಾರೇಜಿನವರೊಂದಿಗೆ ಜಗಳವಾಡಬೇಕಿಲ್ಲ, ನೋಟ್‌ಬುಕ್ ತೋರಿಸಿದರೆ ಸಾಕು. ನಮ್ಮ ಮನೆಯಲ್ಲಿ 1997ರಲ್ಲಿ ಇಂಥದೊಂದು ಪುಸ್ತಕ ಇದ್ದಿದ್ದರೆ ಮೂರು ತಿಂಗಳು ಕಾಯುತ್ತಿರಲಿಲ್ಲ. ಖಾಲಿ ಓಡಿಸುವುದನ್ನು ಮೊದಲ ವಾರವೇ ನಿಲ್ಲಿಸಿ ಲೋಡು ಹಾಕಿದ್ದರೆ ಇಂಜಿನ್ ಉಳಿಯುತ್ತಿತ್ತೋ ಏನೋ.

ಮೊದಲ ಆಯಿಲನ್ನು 500ರಿಂದ 1000 ಕಿ.ಮೀ. ಒಳಗೆ, ಇಂಜಿನ್ ಬಿಸಿ ಇರುವಾಗಲೇ ಇಳಿಸಿ ಫಿಲ್ಟರ್ ಸಹಿತ ಬದಲಿಸಿ. ರಿಂಗು, ಲೈನರು ಉಜ್ಜಿದ ಲೋಹದ ಪುಡಿಯೆಲ್ಲ ಅದರಲ್ಲಿರುತ್ತದೆ. ಎರಡನೆಯ ಆಯಿಲನ್ನೂ ಪೂರ್ತಿ ಅವಧಿ ಓಡಿಸದೆ ಸ್ವಲ್ಪ ಮೊದಲೇ ಬದಲಿಸುವುದು ನನ್ನ ರೂಢಿ. ಇಳಿಸಿದ ಆಯಿಲನ್ನು ಚರಂಡಿಗೆ ಸುರಿಯಬೇಡಿ. ಅದು ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ, ಪರವಾನಗಿ ಇರುವ ಮರುಬಳಕೆಯವರಿಗೇ ಕೊಡಬೇಕು.

ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿ ಚೀಟಿ ಕಳುಹಿಸಿದ್ದಾನೆ. "ಹೊಸ ಆಯಿಲ್ ಹಾಕಿದ ಮರುದಿನವೇ ಕಪ್ಪಾಗುತ್ತದೆ, ಮೋಸ ಹೋದೆವೇ?" ಎಂದು ಕೇಳಿದ್ದಾನೆ. ಇಲ್ಲಪ್ಪ. ಡೀಸೆಲ್ ಇಂಜಿನ್ನಿನಲ್ಲಿ ಆಯಿಲ್ ಕಪ್ಪಾಗುವುದು ಅದು ಮಸಿಯನ್ನು ಹಿಡಿದುಕೊಂಡು ತೇಲಿಸುತ್ತಿದೆ ಎಂಬುದಕ್ಕೆ ಗುರುತು. ಬಣ್ಣ ನೋಡಿ ಭಯಪಡಬೇಡ. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಮಾತ್ರ ತಕ್ಷಣ ನಿಲ್ಲಿಸು, ನೀರು ಸೇರಿದೆ ಎಂದರ್ಥ. ಕಡ್ಡಿಯಲ್ಲಿ ಮಟ್ಟ ಏರುತ್ತಿದ್ದು ಡೀಸೆಲ್ ವಾಸನೆ ಬಂದರೂ ನಿಲ್ಲಿಸು.

ನಿಜವಾಗಿ ನೋಡಬೇಕಾದದ್ದು ಫಿಲ್ಟರಿನ ಹೊಟ್ಟೆಯನ್ನು. ಅದನ್ನು ಗರಗಸದಿಂದ ಕೊಯ್ಯಬಾರದು, ಗರಗಸದ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ. ಅದಕ್ಕೆ ಬೇರೆ ಕಟರ್ ಇದೆ. ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿದರೆ ನುಣ್ಣನೆಯ ಬೂದು ಪುಡಿ ಕಾಣಬೇಕು. ಅದು ರಿಂಗ್ ಕೂರುತ್ತಿರುವ ಲಕ್ಷಣ. ಉಗುರಿಗೆ ಸಿಗುವಂಥ ಚೂರುಗಳಿದ್ದರೆ, ತಾಮ್ರದ ಬಣ್ಣ ಹೊಳೆದರೆ, ಬೇರಿಂಗ್ ಬಿಚ್ಚಿ ನೋಡಲೇಬೇಕು. ಮಾತಿನಲ್ಲಿ ಇದು ಅರ್ಥವಾಗುವುದಿಲ್ಲ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎರಡು ಹಳೆಯ ಫಿಲ್ಟರ್ ತಂದು ಇಲ್ಲೇ ಅಂಗಳದಲ್ಲಿ ಕತ್ತರಿಸಿ ತೋರಿಸುತ್ತೇನೆ, ಒಂದು ಒಳ್ಳೆಯದು, ಒಂದು ಕೆಟ್ಟದ್ದು. ಯಾವುದು ಯಾವುದೆಂದು ನೀವೇ ಹೇಳಬೇಕು. ಬರುವವರು ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ, ಅಮ್ಮಂದಿರು ನನ್ನನ್ನು ಬೈಯುವಂತಾಗಬಾರದು.